ಬಚ್ಚಲಿಗೊಂದು ಕಿಟಕಿ

ಬೆಟಗೇರಿ,
೫-೧-೨೦೨೫, ರವಿವಾರ

ಶೃತಿಯ ಅಪ್ಪನವರಿಗೆ,

ಕಲ್ಪನಾಳ ನಮಸ್ಕಾರಗಳು. ನಿಮ್ಮ ಬೆರಳಿನ ಗಾಯ ಮಾಯಿತೇ? ಪವರ್‌ಲೂಮಿಗೆ ನಮ್ಮ ಕೈಮಗ್ಗದಷ್ಟು ಕರುಣೆ ಇರುವುದಿಲ್ಲ, ನೋಡಿಕೊಂಡು ಕೆಲಸ ಮಾಡಿ. ಇಚಲಕರಂಜಿಯ ಖಾನಾವಳಿ ಊಟ ನಾಲಗೆಗೆ ಹತ್ತುವುದಿಲ್ಲ ಎಂದಿದ್ದಿರಿ. ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದೇನೆ, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಬೇಕು, ಬರೆಯುವ ಪದ್ಧತಿ ಹಾಗಿದೆ. ಫೋನಿರುವಾಗ ಪತ್ರವೇಕೆ ಎಂದು ನಗಬೇಡಿ. ನೀವು ಫೋನ್ ಮಾಡಿದಾಗಲೆಲ್ಲ ಮಾವ ಸ್ಪೀಕರ್ ಹಾಕಿ ಪಡಸಾಲೆಯ ನಡುವೆ ಇಡುತ್ತಾರೆ. ಅಷ್ಟು ಜನರ ಮುಂದೆ ನಾನು ಕೇಳಬಹುದಾದದ್ದು ಊಟ ಆಯಿತೇ ಎನ್ನುವುದೊಂದೇ.

ದೀಪಾವಳಿಗೆ ಬಂದಾಗ ಅತ್ತೆ ಹಿತ್ತಲ ನೀರೊಲೆಯ ಮುಂದೆ ಕೂತು ಕೆಮ್ಮುವುದನ್ನು ನೋಡಿ ನೀವು ಹೇಳಿ ಹೋದಿರಲ್ಲ, ಆ ಗ್ಯಾಸ್ ಗೀಜರು ಬಂತು. ಅದಕ್ಕೆ ಟ್ಯಾಂಕಿಲ್ಲ, ನಾವು ಕಾಯುವುದೂ ಇಲ್ಲ. ನಳ ತಿರುವಿದರೆ ಒಳಗೆ ಭುಸ್ಸೆಂದು ಉರಿ ಹತ್ತಿ ಆಗಿಂದಾಗಲೇ ಬಿಸಿನೀರು ಸುರಿಯುತ್ತದೆ. ಅತ್ತೆ ಮೊದಲ ದಿನ ಅದಕ್ಕೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ಒಲೆ ಕಿತ್ತಾಯಿತು, ಹಂಡೆಯನ್ನು ಭಾಂಡೆ ಅಂಗಡಿಯವರು ಒಯ್ದರು. ಗೀಜರು ಕೂರಿಸಲು ಬಂದ ಮುಸ್ತಾಕ ಮಾತ್ರ ಬಚ್ಚಲಲ್ಲಿ ನಿಂತು ಸುತ್ತಲೂ ನೋಡಿ ತಲೆ ಕೆರೆದುಕೊಂಡ. "ಯಜಮಾನ್ರ, ಇಲ್ಲೊಂದು ಕಿಟಕಿ ಬೇಕರಿ. ಉರಿ ಇದ್ದಲ್ಲಿ ಗಾಳಿ ಆಡಬೇಕು, ಇಲ್ಲಂದ್ರ ಒಳಗಿದ್ದವ್ರಿಗೆ ಉಸರು ಕಟ್ಟತೈತಿ" ಎಂದ. ನಮ್ಮ ಬಚ್ಚಲು ನಿಮಗೆ ಗೊತ್ತೇ ಇದೆ. ಮೇಲೆ ನೀರಿನ ಟಾಕಿ, ಒಂದು ಬದಿಗೆ ದೇವರ ಕೋಣೆ, ಇನ್ನೊಂದು ಬದಿಗೆ ಮಗ್ಗದ ಕೋಣೆ, ಬಾಗಿಲು ತೆರೆದರೆ ಪಡಸಾಲೆ. ಉಳಿದದ್ದು ನಿಮ್ಮ ದೊಡ್ಡಪ್ಪ ಬಾಬಣ್ಣನವರ ಹಿತ್ತಲಿಗೆ ಹತ್ತಿದ ಗೋಡೆ ಒಂದೇ. ಅದರ ಮಾತು ಬಂದದ್ದೇ ಮಾವನ ಮುಖ ಗಂಟಿಕ್ಕಿತು. ಮನೆ ಪಾಲಾದ ದಿನ ಅಣ್ಣತಮ್ಮಂದಿರು ಬನಶಂಕರಿಯ ಭಂಡಾರದ ಅರಿಶಿನ ಮುಟ್ಟಿ, "ಈ ಗ್ವಾಡಿದು ಒಂದ ಇಟ್ಟಂಗಿನೂ ಅಳ್ಳಾಡಬಾರದು" ಎಂದು ಆಣೆ ಮಾಡಿದ್ದು ಅದೇ ಗೋಡೆಗಲ್ಲವೇ? ನೀವೂ ಮುಟ್ಟಿದ್ದಿರಿ. ಹಾಗಾದರೆ ಗೀಜರನ್ನು ಹೊರಗೆ ಪಡಸಾಲೆಯಲ್ಲೇ ಕೂರಿಸಿ ಪೈಪು ಒಳಗೆ ಕೊಡುತ್ತೇನೆ ಎಂದ ಮುಸ್ತಾಕ. ಪಡಸಾಲೆಯಲ್ಲಿ ನೂಲು ಹಾಸುತ್ತೇವೆ, ನೂಲಿನ ಹತ್ತಿರ ಉರಿ ಬೇಡ ಎಂದರು ಮಾವ. ನೂಲಿಗೆ ಬೇಡವಾದದ್ದು ನಮ್ಮ ಪಾಲಿಗೆ ಬಂತು. ಮುಸ್ತಾಕನೂ ಬಹಳ ಹೊತ್ತು ವಾದಿಸಲಿಲ್ಲ. "ಆತ್ರಿ, ಬಾಗಲಾ ತಗದ ಜಳಕಾ ಮಾಡ್ರಿ ಮತ್ತ" ಎಂದು ಕೂರಿಸಿ ಹೋದ.

ಬಾಗಿಲು ತೆರೆದು ಜಳಕ ಮಾಡುವುದು ಗಂಡಸರಿಗೆ ಸುಲಭ. ಮಾವ ಪಂಜೆ ಸುತ್ತಿಕೊಂಡು ನೀರು ಹಾಕಿಕೊಳ್ಳುತ್ತಲೇ ಮಗ್ಗದವರಿಗೆ ಕೆಲಸವನ್ನೂ ಹೇಳುತ್ತಾರೆ. ಅವರಿಗೇನೂ ಆಗುವುದಿಲ್ಲ. ಮಗ್ಗಕ್ಕೆ ಬರುವ ಗಂಡಸರು ಪಡಸಾಲೆಯಲ್ಲಿ ಓಡಾಡುವಾಗ ನಾವು ಚಿಲಕ ಹಾಕದೆ ಹೇಗಿರುವುದು? ಎಳ್ಳಮಾವಾಸ್ಯೆಗೆ ಮುಂಚಿನ ಶುಕ್ರವಾರ ಅತ್ತೆ ತಲೆಗೆ ಎರೆದುಕೊಳ್ಳಲು ಹೋದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ, ಮಗ್ಗದ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ. ಅಷ್ಟರಲ್ಲಿ ಆಚೆಯಿಂದ ಯಾರೋ ಒನಕೆಯಿಂದ ಗೋಡೆ ಗುದ್ದತೊಡಗಿದರು. "ಏ ಕಲ್ಪನಾ, ಒಳಗ ತಂಬಗಿ ಬಿತ್ತು, ನೀರು ಹಂಗ ಸುರ್ಯಾಕತ್ತೈತಿ. ಬಾಗಲಾ ಮುರಿ, ಜಲ್ದಿ." ದೊಡ್ಡಪ್ಪನವರ ಹೆಂಡತಿ ದ್ಯಾಮವ್ವ. ಮನೆ ಪಾಲಾದ ಮೇಲೆ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅಂದೇ. ಬಾಗಿಲು ಒದ್ದು ಒಳಗೆ ಹೋದರೆ ಅತ್ತೆ ಗೋಡೆಗೆ ಒರಗಿ ಬಿದ್ದಿದ್ದರು. ಕಣ್ಣು ತೆರೆದೇ ಇದ್ದವು, ಕೈಕಾಲು ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ಹೊರಗೆಳೆದು ಗಾಳಿಗೆ ಮಲಗಿಸಿದ ಮೇಲೆ ಬಹಳ ಹೊತ್ತಿಗೆ ಬಾಯಿ ಬಿಟ್ಟರು. "ಎಲ್ಲಾ ತಿಳೀತಿತ್ತವ್ವಾ. ಚಿಲಕದ ತನಕ ಕೈ ಹೋಗಲಿಲ್ಲ" ಎಂದರು. ಆ ಮಾತು ನನ್ನನ್ನು ಬಿಡುತ್ತಿಲ್ಲ.

ಮಾವ ಮಾರನೆಯ ದಿನವೇ ದುರಸ್ತಿ ಮಾಡಿಸಿದರು, ಮುರಿದ ಚಿಲಕವನ್ನು. ಮೊದಲಿನದಕ್ಕಿಂತ ಗಟ್ಟಿಯಾದದ್ದು ಹಾಕಿಸಿದ್ದಾರೆ. ಅತ್ತೆಗೆ ಬಂದದ್ದು ಪಿತ್ತವಂತೆ, ಉಪವಾಸದಿಂದ ತಲೆ ತಿರುಗಿತಂತೆ. ನಾನು ಗ್ಯಾಸಿನ ಮಾತು ಎತ್ತಿದ್ದಕ್ಕೆ, "ನನಗ ಹತ್ತಲಾರದ ಗ್ಯಾಸು ಹೆಂಗಸರಿಗಷ್ಟ ಹತ್ತತೈತೇನು?" ಎಂದು ಕೇಳಿದರು. ಮಗ್ಗದ ಕೋಣೆಯಲ್ಲಿ ಎಲ್ಲರೂ ನಕ್ಕರು. ಅಡುಗೆಮನೆಯಲ್ಲಿ ಯಾರಿಗೆ ನೀರು ಕಾಯಿಸಿ ಕೊಡಲು ಹೋದರೂ ಅತ್ತೆಯೇ ಬೇಡವೆನ್ನುತ್ತಾರೆ. ಮಗ ಪ್ರೀತಿಯಿಂದ ಮಾಡಿಸಿದ್ದು, ಬಳಸದಿದ್ದರೆ ಏನಂದುಕೊಂಡಾನು ಎಂಬ ಚಿಂತೆ ಅವರಿಗೆ. ನಿಮ್ಮ ಪ್ರೀತಿ ನಮಗೆ ಬಾಯಲ್ಲಿಟ್ಟ ಬಿಸಿತುಪ್ಪವಾಗಿದೆ, ನುಂಗಲೂ ಆಗದು, ಉಗುಳಲೂ ಆಗದು. ಈಗ ಅವರು ಜಳಕಕ್ಕೆ ಹೋದಾಗ ನಾನು ಬಾಗಿಲ ಹೊರಗೆ ಕೂತು ಅವರಿಂದ ಹಾಡು ಹೇಳಿಸುತ್ತೇನೆ. ಹಾಡು ನಿಂತರೆ ಬಾಗಿಲು ಬಡಿಯುತ್ತೇನೆ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೂ ಬಡಿಯುತ್ತೇನೆ, ಬೈಸಿಕೊಳ್ಳುತ್ತೇನೆ. ಆದರೆ ಶೃತಿಯಿಂದ ಹಾಡಿಸಲಾರೆ. ನೀವು ಹೋದಾಗಿನ ಶೃತಿಯಲ್ಲ ಅವಳು, "ನೀ ಬರಬ್ಯಾಡ, ನಾ ಈಗ ಸಣ್ಣಾಕಿ ಅಲ್ಲ" ಎಂದು ತಾನೇ ಚಿಲಕ ಹಾಕಿಕೊಳ್ಳುತ್ತಾಳೆ. ಹೋದ ವಾರ ಒಳಗೆ ನೀರು ಸುರಿಯುತ್ತಿತ್ತು, ನಾನು ಕೂಗಿದರೂ ಅವಳು ಓಗೊಡಲಿಲ್ಲ. ಸೋಪು ಹಚ್ಚಿಕೊಳ್ಳುತ್ತಿದ್ದಳಂತೆ, ಅಷ್ಟೇ. ಅಷ್ಟರಲ್ಲಿ ನನ್ನ ಜೀವ ಹೋಗಿ ಬಂತು. ಅಂದಿನಿಂದ ಅವಳಿಗೆ ತಣ್ಣೀರು, ಈ ಚಳಿಯಲ್ಲಿ. ಅಳುತ್ತಾಳೆ, ನನ್ನೊಡನೆ ಮಾತು ಬಿಟ್ಟಿದ್ದಾಳೆ. ನನಗಂತೂ ಈ ಮನೆಯಲ್ಲಿ ಎಲ್ಲಿ ನಿಂತರೂ ಹೊರಗಿನಿಂದ ಯಾರೋ ಚಿಲಕ ಹಾಕಿದ ಹಾಗೆಯೇ ಅನ್ನಿಸುತ್ತಿದೆ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ತಾವು ಬಿದ್ದದ್ದನ್ನು ಬರೆಯಬೇಡ ಎಂದೂ ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ, ತಾಯಿ ಬನಶಂಕರಿ ನಿಮ್ಮ ಕೈಬೆರಳು ಕಾಯಲಿ.

ನಿಮ್ಮ,
ಕಲ್ಪನಾ

ತಾ.ಕ.: ಪತ್ರ ಮಡಚಿಟ್ಟು ನೀರಿಗೆ ಹೋಗಿ ಬಂದೆ, ಅದಕ್ಕೇ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಓಣಿಯ ನಳದ ಹತ್ತಿರ ದ್ಯಾಮವ್ವ ನನ್ನ ಪಕ್ಕ ಕೊಡ ಇಟ್ಟು, ನನ್ನ ಮುಖ ನೋಡದೆ ಕೊಡಕ್ಕೆ ಹೇಳಿದಂತೆ ಹೇಳಿದರು. "ಭಂಡಾರ ಮುಟ್ಟಿದವ್ರು ಗಂಡಸ್ರು. ನಾವು ಹೆಣ್ಮಕ್ಕಳು ಅವತ್ತ ಒಳಗ ಹೋಳಿಗಿ ಮಾಡಾಕತ್ತಿದ್ವಿ." ಬನದ ಹುಣ್ಣಿಮೆಗೆ ಎರಡೂ ಮನೆಯ ಗಂಡಸರು ಬನಶಂಕರಿಯ ಜಾತ್ರೆಗೆ ನಡೆದು ಹೋಗುತ್ತಾರೆ. ಅವರು ಊರು ದಾಟಿದ ಮೇಲೆ ಆ ಕಡೆಯಿಂದ ದ್ಯಾಮವ್ವ, ಈ ಕಡೆಯಿಂದ ನಾನು ಇಟ್ಟಿಗೆ ತೆಗೆಯುತ್ತೇವೆ. ಇದನ್ನು ಹೇಳಿದ್ದೇ ಅತ್ತೆ ಹಾರೆ ಹುಡುಕಿ ತಂದು ಬಚ್ಚಲ ಮೂಲೆಗೆ ಇಟ್ಟಿದ್ದಾರೆ. ಮಾವ ತಿರುಗಿ ಬಂದವರೇ ಆ ಕಿಟಕಿ ಮುಚ್ಚಿಸಲೋ ಬಿಡಲೋ ಎಂದು ಮೊದಲು ನಿಮ್ಮನ್ನು ಕೇಳುತ್ತಾರೆ. ಮಗನ ಮಾತನ್ನು ಅವರು ಮೀರುವುದಿಲ್ಲ. ನೀವೂ ಆಣೆ ಮಾಡಿದವರು, ನನಗೆ ಗೊತ್ತು. ಫೋನಿಗೆ ಸ್ಪೀಕರ್ ಹಾಕಿರುತ್ತಾರೆ. ನಾವೆಲ್ಲ ಅಲ್ಲೇ ಇರುತ್ತೇವೆ, ಶೃತಿಯೂ ಕೇಳುತ್ತಿರುತ್ತಾಳೆ.