ಬಲಗೋಡೆಯ ತೂತು

ಮನೆಯಿಂದ, ಹಿಂದಿನ ಕೋಣೆ
ತಾ. ೧೪, ಗುರುವಾರ, ಮಧ್ಯಾಹ್ನ ಊಟವಾದ ಮೇಲೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೊಸ ಡಾಕ್ಟರು ಏನಂದರು? ಒಂದು ಕಿವಿ ಹೋದದ್ದು ಹೋಯಿತು, ಇನ್ನೊಂದಾದರೂ ನಿಲ್ಲುತ್ತದೆಯೋ ಇಲ್ಲವೋ, ಬಿಡಿಸಿ ಬರೆ. ಮೊನ್ನೆ ಫೋನಿನಲ್ಲಿ ನಾನು ಕೇಳಿದ್ದು ಕಿವಿಯ ವಿಷಯ, ನೀನು ಉತ್ತರ ಕೊಟ್ಟದ್ದು ನಲ್ಲಿ ನೀರಿನ ವಿಷಯ. ಅದಕ್ಕೇ ಇನ್ನು ಮೇಲೆ ಫೋನು ಬೇಡ, ಪತ್ರವೇ ಸರಿ. ಹೊತ್ತು ಹೊತ್ತಿಗೆ ಊಟ ಮಾಡು, ನಿದ್ದೆಗೆಡಬೇಡ. ಅಚ್ಚಿನ ಮನೆಯಲ್ಲಿ ತಪ್ಪು ತಿದ್ದುವ ಕೆಲಸಕ್ಕೆ ಕಿವಿ ಬೇಡವೆಂದು ನೀನು ಸಮಾಧಾನ ಮಾಡಿಕೊಂಡಿದ್ದೀಯ, ಕಣ್ಣಾದರೂ ನೆಟ್ಟಗಿರಲಿ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಅದು ನನ್ನ ಜೊತೆಯೇ ಹೋಗುವ ನೆಂಟ.

ನಿನ್ನ ಕಿವಿಯ ಗುಟ್ಟು ನನ್ನ ಹೊಟ್ಟೆಯಲ್ಲೇ ಇದೆ. ನಿನ್ನ ಗಂಡನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆಫೀಸಿನವರೇ ಆರು ತಿಂಗಳಿಗೆಂದು ಬೇರೆ ಊರಿನ ಶಾಖೆಗೆ ಕಳಿಸಿದರು ಎಂದು ನೀನು ಕಟ್ಟಿದ ಕಥೆಯನ್ನೇ ನಾನೂ ಹೇಳುತ್ತಿದ್ದೇನೆ. ಹೊರಡುವ ದಿನ ಬಾಗಿಲಲ್ಲಿ ನಿಂತು, "ಅಮ್ಮನಿಗೆ ನೀವು ಕೂಗ್ತಿದ್ದ ಹಾಗೆ ಅವರೂ ನಂಗೆ ಕೂಗೋ ದಿನ ಬರೋದು ಬೇಡ ಅಪ್ಪ" ಅಂದೆ. ನಾನು ನಿನ್ನ ಪೆಟ್ಟಿಗೆ ಎತ್ತಿ ಹೊರಗಿಟ್ಟೆ. ಸುಳ್ಳು ಅನ್ನಲಾದೀತೇ? ನಿನ್ನ ಅಮ್ಮನಿಗೆ ಕಿವಿ ಮಂದವಾದ ಮೇಲೆ ಅವಳು ಕಣ್ಣು ಮುಚ್ಚುವ ತನಕ ಹನ್ನೆರಡು ವರ್ಷ ನಾನು ಅವಳೊಡನೆ ಆಡಿದ್ದಕ್ಕಿಂತ ಅರಚಿದ್ದೇ ಹೆಚ್ಚು. ಈ ತಿಂಗಳ ಕೊನೆಯೊಳಗೆ ಅಲ್ಲೇ ಕಾಯಂ ಆಗುವುದೋ, ವಾಪಸು ಬರುವುದೋ ಬರೆದುಕೊಡಬೇಕು ಎಂದು ತಿಳಿಸಿದ್ದೀಯ. ಕಾಯಂ ಎಂದು ಬರೆದರೆ ನಿನ್ನ ಸಂಸಾರ ಅಲ್ಲಿಗೆ ಮುಗಿಯಿತು, ಅದು ನಿನಗೂ ಗೊತ್ತು. ಬರಬೇಡ ಎನ್ನಲು ನನಗೆ ಮನಸ್ಸಿಲ್ಲ, ಬಾ ಎನ್ನಲು ಮುಖವಿಲ್ಲ. ಆದ್ದರಿಂದ ಸುದ್ದಿ ಬರೆಯುತ್ತೇನೆ.

ಸುದ್ದಿ ಏನೆಂದರೆ, ನಿನ್ನ ಗಂಡನಿಗೆ ತಲೆ ಕೆಟ್ಟಿದೆ. ಮೂರು ವಾರದಿಂದ ಮುಂದಿನ ಕೋಣೆಯಲ್ಲಿ ಹೋಮ್ ಥಿಯೇಟರ್ ಮಾಡಿಸುತ್ತಿದ್ದಾನೆ. ನೀನು ಬಂದಾಗ ನೋಡಿ ಬೆರಗಾಗಬೇಕಂತೆ, ನಿನಗೆ ಹೇಳಲೇಬಾರದಂತೆ. ಅದಕ್ಕೇ ಹೇಳುತ್ತಿದ್ದೇನೆ. ಸ್ಪೀಕರು ಮಾರುವ ಅಂಗಡಿಯವನು ಅದನ್ನು ಹೋಮ್ ಥಿಯೇಟರ್ ಅನ್ನುವುದಿಲ್ಲ, ಮೀಡಿಯಾ ರೂಮ್ ಅನ್ನುತ್ತಾನೆ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಸ್ಪೀಕರುಗಳನ್ನು ನಾಲ್ಕು ಜನರ ಮನೆಯಲ್ಲಿರುವ ಹಾಗೆ ಮೇಜಿನ ಮೇಲೆ ಇಟ್ಟರೆ ಸಾಲದು, ಗೋಡೆಯೊಳಗೇ ಕೂರಿಸಬೇಕು. ನಲವತ್ತು ವರ್ಷ ಊರವರ ಗೋಡೆಗೆಲ್ಲ ಗಾರೆ ಮೆತ್ತಿದವನ ಕಣ್ಣೆದುರಿಗೆ, ಅವನೇ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟಿದ ಮನೆಗೆ ತೂತು ಕೊರೆಯುವುದು! ಮನೆ ಅಳಿಯನಾಗಿ ಬಂದವನು ಮನೆಯನ್ನಾದರೂ ಇದ್ದ ಹಾಗೆ ಬಿಡಬೇಕಲ್ಲವೇ? ಕನ್ನಡಕದ ಅಂಗಡಿ ಇಟ್ಟವನಿಗೆ ಕಿವಿಯ ಉಸಾಬರಿ ಯಾಕೆ ಎಂದು ಮುಖದ ಮೇಲೇ ಕೇಳಿದೆ. ಹಲ್ಲು ಕಿಸಿದ. ಅವನಿಗೆ ಬಯ್ದರೂ ಒಂದೇ, ಬಿಟ್ಟರೂ ಒಂದೇ, ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ.

ಸ್ಪೀಕರು ಆರಿಸಲು ನನ್ನನ್ನೂ ಎಳೆದುಕೊಂಡು ಹೋಗಿದ್ದ. ಕತ್ತಲೆ ಕೋಣೆ, ಕೂತರೆ ಏಳಲಾಗದ ಸೋಫಾ, ಕುತ್ತಿಗೆಗೆ ಹೆಡ್‌ಫೋನು ನೇತು ಹಾಕಿಕೊಂಡ ಮಾರಾಟಗಾರ. ಅವನು ಹೆಲಿಕಾಪ್ಟರ್ ಹಾರಿಸಿದ, ಗಾಜು ಒಡೆಸಿದ, ಸಿಡಿಲು ಹೊಡೆಸಿದ. ನನ್ನ ಹಲ್ಲಿನ ಸೆಟ್ಟು ಬಾಯೊಳಗೇ ಅಲುಗಾಡಿತು. ನಿನ್ನ ಗಂಡ ಎಲ್ಲ ಮುಗಿದ ಮೇಲೆ, "ಇದೆಲ್ಲ ಬೇಡ, ಯಾರಾದ್ರೂ ಮೆಲ್ಲಗೆ ಮಾತಾಡೋದನ್ನ ಹಾಕಿ" ಅಂದ. ವಾರ್ತೆ ಓದುವವಳ ದನಿ ಹಾಕಿದರು. ಅದೇ ವಾರ್ತೆಯನ್ನು ಒಂಬತ್ತು ಬಗೆಯ ಸ್ಪೀಕರುಗಳಲ್ಲಿ ಒಂಬತ್ತು ಸಲ ಕೇಳಿದ. ಅದೂ ಹೇಗೆ, ಕಣ್ಣು ಮುಚ್ಚಿಕೊಂಡು, ಒಂದು ಕಿವಿಗೆ ಬೆರಳು ತುರುಕಿಕೊಂಡು! ಗಾಡಿ ಕೊಳ್ಳಲು ಹೋದವನು ಒಂದು ಚಕ್ರ ಬಿಚ್ಚಿಟ್ಟು ಓಡಿಸಿ ನೋಡಿದ ಹಾಗೆ. ಮಾರಾಟಗಾರ ನನ್ನ ಮುಖ ನೋಡಿದ, ನಾನು ಛಾವಣಿ ನೋಡಿದೆ. ಕೊನೆಗೆ ಎಲ್ಲಕ್ಕಿಂತ ಸಪ್ಪೆ ಮುಖದ, ಗುಡುಗೂ ಇಲ್ಲದ ಮಿಂಚೂ ಇಲ್ಲದ ಒಂದು ಬಗೆಯನ್ನು ಆರಿಸಿದ. ಮಾತು ಸ್ಪಷ್ಟವಾಗಿ ಕೇಳುವುದು ಅದರಲ್ಲೇ ಅಂತೆ. ಮನೆಯಲ್ಲಿ ಮಾತಾಡಲು ಇರುವವರು ನಾವಿಬ್ಬರು, ನಮ್ಮಿಬ್ಬರ ನಡುವೆ ಮಾತೇ ಇಲ್ಲ, ಇನ್ನು ಸ್ಪಷ್ಟವಾಗಿ ಕೇಳುವುದೇನು?

ಕೂರಿಸಲು ಬಂದವನಿಗೆ ನಾನು ಲೇಸರ್ ಎಂದು ಹೆಸರಿಟ್ಟಿದ್ದೇನೆ. ಸೊಂಟದಲ್ಲಿ ಹತ್ತು ಜೇಬು, ಕೈಯಲ್ಲಿ ಕೆಂಪು ಗೆರೆ ಎಳೆಯುವ ಪೆಟ್ಟಿಗೆ. ಬಂದವನೇ ಗೆರೆ ಬಿಟ್ಟು, "ಗೋಡೆ ಸ್ವಲ್ಪ ವಾಲಿದೆ" ಅಂದ. ನನ್ನ ಗೋಡೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದಾರಕ್ಕೆ ಕಟ್ಟಿದ ತೂಗುಗುಂಡು ತಂದು ಬಿಟ್ಟು ತೋರಿಸಿದೆ, ನೂಲಿನಷ್ಟೂ ಆಚೀಚೆ ಇರಲಿಲ್ಲ. ವಾಲಿದ್ದು ಅವನ ಪೆಟ್ಟಿಗೆ ಇಟ್ಟ ಸ್ಟೂಲು. ಸಿನಿಮಾ ಪರದೆ ಬರುವ ಕಡೆ ತಗಡಿನ ಚೌಕಟ್ಟು ನಿಲ್ಲಿಸಿ, ಅದಕ್ಕೆ ಜಿಪ್ಸಮ್ ಹಲಗೆ ಹೊಡೆದು, ಹಿಂದೆ ಹತ್ತಿಯಂಥದ್ದು ತುಂಬಿ, ಮೂರು ಸ್ಪೀಕರು ಕೂರಿಸಿದ. ಅದನ್ನೂ ಗೋಡೆ ಅನ್ನುತ್ತಾರೆ. ಬೆರಳಲ್ಲಿ ತಟ್ಟಿದರೆ ಡಬಡಬ ಅನ್ನುತ್ತದೆ, ಟೀಯಲ್ಲಿ ಅದ್ದಿದರೆ ಕರಗೀತು. ಹೋಗಲಿ, ನನ್ನ ಗೋಡೆಯ ಮುಂದೆ ನಿಂತ ನಾಟಕದ ಪರದೆ ಎಂದುಕೊಂಡು ಸಹಿಸಿದೆ.

ಸಹಿಸಲಾಗದ್ದು ನಿನ್ನೆ ಆಯಿತು. ಆ ಲೇಸರ್‌ಗೂ ಗೊತ್ತಿರುವ ಪ್ರಕಾರ, ಪಕ್ಕದ ಸ್ಪೀಕರು ಎಂದರೆ ಎಡಕ್ಕೊಂದು ಬಲಕ್ಕೊಂದು, ಸಮ ಎತ್ತರ, ಸಮ ದೂರ, ಕುರ್ಚಿ ನಟ್ಟ ನಡುವೆ. ಊರಿಗೊಂದು ದಾರಿಯಾದರೆ ನಿನ್ನ ಗಂಡನಿಗೊಂದು ದಾರಿ. ನಿನ್ನ ಒರಗು ಕುರ್ಚಿಯನ್ನು ಬಲಗೋಡೆಗೆ ತಾಗುವಷ್ಟು ಸರಿಸಿ, ತಾನೇ ಕೂತು, ಕಿವಿಯ ನೇರಕ್ಕೆ ಸೀಮೆಸುಣ್ಣದ ಗುರುತು ಹಾಕಿ, "ಇಲ್ಲೇ ಕೊರೀರಿ" ಅಂದ. ಎಡಗಡೆ? "ಎಡಗಡೆ ಬೇಡ." ಲೇಸರ್ ತಲೆ ಕೆರೆದುಕೊಂಡು, "ಸಾರ್, ಹೀಗೆ ಯಾರೂ ಮಾಡಲ್ಲ, ನಾನು ಮಾಡಿದ್ದು ಅಂತ ಯಾರ ಹತ್ರಾನೂ ಹೇಳ್ಬೇಡಿ" ಎಂದು ಬೇಡಿಕೊಂಡ. ಆದರೂ ಯಂತ್ರ ಹಿಡಿದು ನನ್ನ ಅಸಲಿ ಇಟ್ಟಿಗೆ ಗೋಡೆಯಲ್ಲಿ ಮೊಳದುದ್ದದ ತೂತು ಕೊರೆದ. ಮನೆಯೆಲ್ಲ ಕೆಂಪು ಧೂಳು. ಒಂದು ಕಣ್ಣಿಗೆ ಕಾಡಿಗೆ ಹಚ್ಚಿ ಇನ್ನೊಂದನ್ನು ಬಿಟ್ಟ ಮುಖದಂತೆ ಕೋಣೆ ಸೊಟ್ಟಗಾಯಿತು. ಹಿಂದೆ ಯಾರೋ ಮನೆಯೊಡೆಯ ಕಿಟಕಿಯನ್ನು ಎರಡು ಬೆರಳು ಆಚೆ ಇಡು ಅಂದದ್ದಕ್ಕೆ ಗಾರೆ ಮೆತ್ತುವ ಕರಣೆ ಎಸೆದು ಬಂದವನು ನಾನು. ಈ ಎಡಬಿಡಂಗಿತನವನ್ನು ನೋಡುತ್ತ ಕೂರುವವನಲ್ಲ.

ಇವತ್ತು ಬೆಳಿಗ್ಗೆ ಅವನು ಅಂಗಡಿಗೆ ಹೊರಟ ಮೇಲೆ ಅಟ್ಟದಿಂದ ನನ್ನ ಕರಣೆ, ಮಟ್ಟ ನೋಡುವ ರಸಮಟ್ಟ ಇಳಿಸಿದೆ. ಏಳು ವರ್ಷದ ಮೇಲೆ ಕೈಗೆ ಸಿಮೆಂಟು ತಾಗಿತು, ಮಂಡಿನೋವು ಎಲ್ಲಿ ಹೋಯಿತೋ! ತೂತಿನ ಒಳಗೆ ನೀರು ಹೊಡೆದೆ, ಜೋತುಬಿದ್ದ ತಂತಿಯನ್ನು ಸುತ್ತಿ ಒಳಗೇ ತುರುಕಿದೆ, ಇಟ್ಟಿಗೆ ಚೂರು ಜೋಡಿಸಿ ಗಾರೆ ತುಂಬಿದೆ, ಮೇಲೆ ನಯವಾಗಿ ಉಜ್ಜಿದೆ. ಒಣಗಿ ಬಣ್ಣ ಬಿದ್ದರೆ ಎಲ್ಲಿ ತೂತಿತ್ತು ಎಂದು ಕೊರೆದವನಿಗೇ ಗೊತ್ತಾಗಬಾರದು, ಹಾಗಾಗಿದೆ. ಕುರ್ಚಿಯನ್ನು ನಡುವೆ ತಂದಿಟ್ಟೆ. ಸಂಜೆ ಅವನು ಬಂದು ನೋಡಲಿ. ಕೆಲಸವೆಂದರೆ ಏನು ಎಂದು ಒಂದು ದಿನವಾದರೂ ತಿಳಿಯಲಿ. ಇಂಥವನ ಜೊತೆ ಒಂಬತ್ತು ವರ್ಷ ಬಾಳಿದ್ದೀಯ, ನಿನ್ನ ತಾಳ್ಮೆಗೆ ಕೈ ಮುಗಿಯಬೇಕು. ಅಲ್ಲೇ ಕಾಯಂ ಆಗುತ್ತೇನೆ ಅಂದರೂ ಯಾಕೆ ಎಂದು ನಾನು ಕೇಳುವುದಿಲ್ಲ.

ಮೈ ಕೈ ಹುಷಾರು. ಒಳ್ಳೆಯದಾಗಲಿ ತಾಯಿ, ನೂರು ಕಾಲ ಬಾಳು.

ಇಷ್ಟು ಬರೆದ,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ಈಗ ಸಂಜೆ ಆರೂವರೆ. ಅವನು ಬಂದ, ನೋಡಿದ. ಜಗಳಕ್ಕೆ ನಾನು ತಯಾರಾಗಿದ್ದೆ. ಅವನು ಹಸಿ ಗಾರೆಯ ಮೇಲೆ ಕೈ ಆಡಿಸಿ, "ಕೆಲಸ ಚೆನ್ನಾಗಿದೆ ಮಾವ" ಅಂದ. ಆಮೇಲೆ ಕುರ್ಚಿಯ ಅಂಚಿನಲ್ಲಿ ಕೂತು, "ಅವಳಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವೀಲಿ ಒಂಚೂರು ಉಳಿದಿದೆ. ಅತ್ತೆ ನೆನಪಾಗಿ ನೀವು ಸಂಕಟಪಡ್ತೀರ ಅಂತ ನಿಮಗೆ ಹೇಳಿರಲಿಲ್ಲ" ಅಂದ. ನಾಲ್ಕು ವರ್ಷದಿಂದ ಗೊತ್ತಂತೆ! ದಾರಿಯಲ್ಲಿ ಯಾವಾಗಲೂ ನಿನ್ನ ಬಲಕ್ಕೇ ನಡೆಯುತ್ತಾನಂತೆ, ನೂಲಿನಷ್ಟು ವಾಲಿದ್ದನ್ನೂ ಹಿಡಿಯುವ ನಾನು ಅದನ್ನು ಒಂದು ದಿನವೂ ನೋಡಲಿಲ್ಲ. ನೀನು ಯಾಕೆ ಹೋದೆ ಎಂಬುದೂ ಗೊತ್ತು. "ಅವಳೇ ಹೇಳ್ಲಿ ಅಂತ ಕಾಯ್ತಿದೀನಿ ಮಾವ, ಅವಸರ ಇಲ್ಲ" ಅಂದ. ಅವಸರ ನನಗಿದೆ. ಗಾರೆ ಇನ್ನೂ ಪೂರ್ತಿ ಬಿಗಿದಿಲ್ಲ, ಈಗಲೇ ಕೆತ್ತಿ ತೆಗೆಯಬೇಕು, ಅದಕ್ಕೇ ಇಷ್ಟು ಗೀಚುತ್ತಿದ್ದೇನೆ. ಅವನು ಪೆದ್ದನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯಂ ಎಂದು ಬರೆದುಕೊಡಬೇಡ. ಈ ಮನೆಯಲ್ಲಿ ಕೂಗುತ್ತಿದ್ದವನು ನಾನೊಬ್ಬನೇ ಮಗಳೇ. ಹೊರಟು ಬಾ.