ಅಯ್ಯಮ್ಮನನ್ನು ಕೊಡಬೇಡ

ರಂಗಂಪೇಟೆ

ಅವ್ವನಿಗೆ ಕರೆಮ್ಮನ ಶರಣು.

ಮಕ್ಕಳಾಗಲೆಂದು ನೀನು ಕಳಿಸಿದ ಅಶ್ವಗಂಧದ ಬೇರು ಮುಟ್ಟಿತು. ಇನ್ನು ನನಗೆಂದು ಕಳಿಸಬೇಡ. ಶಹಾಪುರದ ಡಾಕ್ಟರು ನಮ್ಮಿಬ್ಬರನ್ನೂ ಪರೀಕ್ಷೆ ಮಾಡಿದರು. ನನ್ನಲ್ಲಿ ದೋಷವಿಲ್ಲ. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ನಿನ್ನ ಅಳಿಯ ಕಾಲುವೆ ನೀರಿನ ಭತ್ತಕ್ಕೆ ಬೆಂಕಿರೋಗದ ವಿಷದೆಣ್ಣೆ ಹೊಡೆಯುವಾಗ ಬೆನ್ನಿನ ಪಂಪು ಸೋರಿ ಲುಂಗಿಯೆಲ್ಲ ತೊಯ್ಯುತ್ತದೆ. ಅದರಿಂದಲೇ ಅವರ ಬೀಜ ಕೆಟ್ಟಿರಬಹುದಂತೆ. ಎಣ್ಣೆ ಹೊಡೆಯುವುದು ಬಿಡಬೇಕು, ಬೇರಿನ ಕಷಾಯದಿಂದ ಸ್ವಲ್ಪ ಗುಣವಾದರೂ ಆಗಬಹುದು, ಭರವಸೆ ಕೊಡಲಾರೆ ಎಂದರು.

ಇವರಿಗೆ ಕಾಸಿ ಕೊಟ್ಟೆ. "ಹೆಣ್ಮಕ್ಕಳ ಔಷಧ ನಾ ಯಾಕ ಕುಡೀಲಿ? ಮಂದಿ ನಗ್ತಾರ" ಅಂದರು. ಅತ್ತೆ ಲೋಟ ಕಸಿದು ನನ್ನ ಕೈಗೇ ಕೊಟ್ಟರು. "ನೀನ ಕುಡಿಯವಾ ಬಂಜಿ. ನಿನ್ನ ತಂಗಿ ಬರ್ಲಿ, ತೊಟ್ಟಿಲು ತಾನ ತೂಗ್ತದ." ಇವರು ಪಂಪು ಹೊತ್ತು ಹೊಲಕ್ಕೆ ಹೋದರು.

ಸೋಮವಾರ ಅತ್ತೆ ಅಯ್ಯಮ್ಮನನ್ನು ಇವರಿಗೆ ಎರಡನೇ ಹೆಂಡತಿಯಾಗಿ ಕೇಳಲು ನಮ್ಮ ಮುದನಾಳಕ್ಕೆ ಬರುತ್ತಾರೆ. ಅಪ್ಪ ಆಗಲೇ ಮಾತು ಕೊಟ್ಟಿದ್ದಾನಂತೆ. ನಿನ್ನ ಮಾತು ನಡೆಯುವುದಿಲ್ಲವೆಂದು ಗೊತ್ತು. ಆದರೂ ಬೇಡವೆನ್ನು.

ಅಯ್ಯಮ್ಮಾ, ಇದನ್ನು ಅವ್ವನಿಗೆ ಓದಿ ಹೇಳುವವಳು ನೀನೇ. ಅವ್ವ ಅತ್ತರೂ ಪೂರ್ತಿ ಓದು. ನಿನ್ನಲ್ಲೂ ಯಾವ ದೋಷ ಇರುವುದಿಲ್ಲ. ಇಲ್ಲಿಗೆ ಬಂದರೆ ಅದನ್ನು ಯಾರೂ ನಂಬುವುದಿಲ್ಲ.

ನಿಮ್ಮ
ಕರೆಮ್ಮ