ದೊಡ್ಡಿಗೆ ಬಂದ ಸೂಜಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಮಗನಿಗೆ, ಅಮ್ಮನ ಆಶೀರ್ವಾದಗಳು.

ಈಗ ತಾನೇ ಸಂಜೆ ಐದು ಹೊಡೆಯಿತು. ಇಡೀ ದಿನ ಖಾಲಿ ದೊಡ್ಡಿಯ ಗೊಬ್ಬರ ಕೆರೆದು, ನೀರಿನ ತೊಟ್ಟಿ ತೊಳೆದು ಕೂತಿದ್ದೇನೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದರೆ ಸಾಕು, 'ಕುರಿಗಳನ್ನು ಕೊಂದವನು ನಾನೇ, ಇನ್ನು ಆ ಮನೆ ಬಾಗಿಲು ತುಳಿಯುವ ಮುಖ ನನಗಿಲ್ಲ' ಎಂದು ನೀನು ಬರೆದ ಸಾಲೇ ಕಣ್ಣಿಗೆ ಕಟ್ಟುತ್ತಿತ್ತು.

ಇಲ್ಲಿ ನಡೆದದ್ದನ್ನು ಹೇಳುತ್ತೇನೆ. ಪಕ್ಕದವರ ಹಿಂಡಿಗೆ ಸಿಡುಬು ಬಂತಲ್ಲ, ಅದಕ್ಕೇ ಡಾಕ್ಟರಮ್ಮ ನಮ್ಮ ಕುರಿಗಳ ರಕ್ತ ತೆಗೆಯಲು ಬಂದರು. ಕುತ್ತಿಗೆಯ ಉಣ್ಣೆ ಸರಿಸಿ, ನರ ಹುಡುಕಿ, ಸಣ್ಣ ಸಣ್ಣ ನಳಿಕೆಗಳಿಗೆ ತುಂಬಿಸಿಕೊಂಡರು. ದೊಡ್ಡ ಟಗರು ಗುದ್ದಿ ಅವರ ಮೊಣಕೈ ತರಚಿತು. "ಬಿಡಿ ತಾಯಿ, ಅದೂ ನಿಮ್ಮ ರಕ್ತ ಪರೀಕ್ಷೆ ಮಾಡ್ತು" ಎಂದರು ನಿಮ್ಮಪ್ಪ. ಎಲ್ಲರೂ ನಕ್ಕೆವು.

ಫಲಿತಾಂಶ ತಂದ ದಿನ ಡಾಕ್ಟರಮ್ಮನ ಮುಖ ಬಾಡಿತ್ತು. "ಯಜಮಾನ್ರೇ, ರಕ್ತದಲ್ಲಿ ಸಿಡುಬಿನ ಗುರುತು ಸಿಕ್ಕಿದೆ. ಲಸಿಕೆ ಹಾಕ್ಸಿದ್ರೂ ಇದೇ ಗುರುತು ಬರುತ್ತೆ. ಯಾವುದರಿಂದ ಬಂತು ಅಂತ ಈ ಪರೀಕ್ಷೆ ಹೇಳಲ್ಲ. ಲಸಿಕೆ ಆದ ಕುರಿಗೆ ಹಾಕೋ ಕಿವಿಯೋಲೆ ನಿಮ್ಮವಕ್ಕಿಲ್ಲ. ಆದ್ರೂ ಕೇಳ್ತೀನಿ, ಯಾರಾದ್ರೂ ಹಾಕಿದ್ರಾ?"

"ನನ್ನ ದೊಡ್ಡಿಗೆ ಸೂಜಿ ಬಂದೇ ಇಲ್ಲ."

"ಯೋಚನೆ ಮಾಡಿ ಹೇಳಿ. ಲಸಿಕೆ ಅಲ್ಲ ಅಂದ್ರೆ ರೋಗ ಅಂತ ಎಲ್ಲಾನೂ ಕೊಲ್ಲಬೇಕಾಗುತ್ತೆ, ಒಂದೂ ಉಳಿಯಲ್ಲ."

"ಹೇಳಿದ್ನಲ್ಲಮ್ಮ."

ನನಗಾದರೂ ಏನು ಗೊತ್ತಿತ್ತು? ನಾನು ತವರಿಗೆ ಹೋಗಿದ್ದಾಗ, ಅಪ್ಪ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ನೀನು ಬಂದು ಲಸಿಕೆ ಹಾಕಿ ಹೋದದ್ದು, ಗುಟ್ಟು ಬಯಲಾದೀತೆಂದು ಓಲೆ ಹಾಕದೆ ಬಿಟ್ಟದ್ದು, ಎಲ್ಲ ನಿನ್ನ ಕಾಗದ ಬಂದ ಮೇಲೇ ತಿಳಿದದ್ದು. ಸೂಜಿ ಚುಚ್ಚಿದರೆ ಗಬ್ಬದ ಕುರಿಗಳು ಕಂದು ಹಾಕುತ್ತವೆ ಎಂಬುದು ನಿಮ್ಮಪ್ಪನ ಹಟ. ನೀನು ಸೇರಿದ್ದು ಲಸಿಕೆ ಹಾಕುವ ಕೆಲಸಕ್ಕೇ. ಅವರು ನಿನ್ನ ಚೀಲವನ್ನು ಬೀದಿಗೆಸೆದ ದಿನ ನೆನೆದರೆ ಈಗಲೂ ಅನ್ನ ಇಳಿಯುವುದಿಲ್ಲ.

ಮುಚ್ಚಿದ ಲಾರಿ ಬಂತು. ಒಂದು ಕುರಿಯ ಮೈಮೇಲೂ ಗುಳ್ಳೆ ಇರಲಿಲ್ಲ. ಕರೆದ ತಕ್ಷಣ ಎಲ್ಲವೂ ನಿಮ್ಮಪ್ಪನ ಹಿಂದೆಯೇ ನಡೆದು ಹೋಗಿ ಹತ್ತಿದವು.

ನೀನು ಕೊಲ್ಲಲಿಲ್ಲ ಕಂದಾ, ಉಳಿಸಲು ಬಂದಿದ್ದೆ. ಬಾಗಿಲು ತುಳಿಯುವುದಿಲ್ಲ ಎನ್ನಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನೂರ್ಕಾಲ ಚೆನ್ನಾಗಿರು.

ನಿನ್ನ ಅಮ್ಮ

ತಾ.ಕ.: ನಿನ್ನ ಕಾಗದವನ್ನು ನಿನ್ನೆ ನಿಮ್ಮಪ್ಪನಿಗೆ ಓದಿ ಹೇಳಿದೆ. ಆಮೇಲೆ, "ನಂಗೊತ್ತಿತ್ತು ಕಣೇ. ಅವತ್ತು ನಿದ್ದೆ ಹತ್ತಿರ್ಲಿಲ್ಲ. ಕಿಟಕೀಲಿ ನೋಡ್ತಾ ಇದ್ದೆ. ಅವನ ಕೈಗೆ ಒಂದು ಕುರೀನೂ ಬೆದರ್ಲಿಲ್ಲ" ಎಂದರು. ಹಾಗಾದರೆ ಡಾಕ್ಟರಮ್ಮ ಅಷ್ಟು ಕೇಳಿದಾಗ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. "'ನನ್ನ ಮಗ ಹಾಕಿದ' ಅಂತ ಹೇಳ್ಬೇಕಿತ್ತಲ್ಲ. ಬಾಯಿ ಬರ್ಲಿಲ್ಲ."

ನಾಳೆ ದೊಡ್ಡಿಗೆ ಸುಣ್ಣ ತರಲು ಅವರು ಪೇಟೆಗೆ ಹೋಗುತ್ತಾರೆ. ಈ ಕಾಗದವನ್ನು ಅಂಚೆಗೆ ಹಾಕುವವರೂ ಅವರೇ.